ಕಂಟೇನರ್‌ಗೆ ಮೊದಲು ಹೋಗಬೇಕಾದ ಸರ್ವರ್ ಯಾವುದು?

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಆರ್‌ಟಿಸಿಗಾಗಿ ತಾಲೂಕು ಕಚೇರಿಗೆ ಹೋದವರು, ಪಡಿತರಕ್ಕಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರು, ಜಾಗದ ನೋಂದಣಿಗೆಂದು ಸಾಕ್ಷಿಗಳನ್ನು ಕರೆದುಕೊಂಡು ಬಂದವರು ಒಂದಲ್ಲ ಒಂದು ದಿನ ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗಿದವರೇ. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಜಾರಿಗೆ ಬಂದ ನಂತರ ಸರ್ವರ್ ಎಂಬುದು ಹಳ್ಳಿಯವರ ನಿತ್ಯದ ಮಾತಿನಲ್ಲಿ ಸೇರಿಹೋಯಿತಾದರೂ, ಅದು ಏನು, ಅದು ಯಾಕೆ ‘ಇಲ್ಲ’ವಾಗುತ್ತದೆ ಎಂಬುದನ್ನು ಜನರಿಗೆ ತಿಳಿಸಿ ಹೇಳುವ ಪ್ರಯತ್ನ ನಡೆದದ್ದು ಕಡಿಮೆ.

ಬೇರೆ ಗಣಕಗಳಿಂದ ಬರುವ ಕೋರಿಕೆಗಳಿಗೆ ಉತ್ತರ ಕೊಡುತ್ತ ಹಗಲುರಾತ್ರಿ ಚಾಲೂ ಇರುವ ಗಣಕವೇ ಸರ್ವರ್. ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಡಿ ಹಲವು ಬಗೆಯ ತೊಂದರೆಗಳು ಅಡಗಿರುತ್ತವೆ. ರಸ್ತೆ ಅಗಲಗೊಳಿಸುವಾಗ ತುಂಡಾದ ಫೈಬರ್ ಕೇಬಲ್ ಒಂದು ಕಾರಣವಾದರೆ, ಒಮ್ಮೆಲೇ ನುಗ್ಗಿದ ಅರ್ಜಿಗಳ ಹೊರೆ ಇನ್ನೊಂದು. 2023ರ ಜೂನ್‌ನಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾ ಸಿಂಧು ಜಾಲತಾಣದಲ್ಲಿ ತೆರೆದುಕೊಂಡಾಗ ರಾಜ್ಯದಾದ್ಯಂತ ಅನುಭವಕ್ಕೆ ಬಂದದ್ದು ಈ ಎರಡನೆಯ ಬಗೆಯ ತೊಂದರೆ. ನೋಂದಣಿ ಇಲಾಖೆಯ ಕಾವೇರಿ 2.0 ವ್ಯವಸ್ಥೆ 2025ರ ಆರಂಭದಲ್ಲಿ ತತ್ತರಿಸಿದ್ದಾದರೋ ಸುಳ್ಳು ಕೋರಿಕೆಗಳ ಸುರಿಮಳೆಗೈದ ದುಷ್ಕರ್ಮಿಗಳ ದಾಳಿಯಿಂದ. ಕಾರಣ ಬೇರೆಯಾದಲ್ಲಿ ಪರಿಹಾರವೂ ಬೇರೆಯಾಗಬೇಕಾದುದರಿಂದ, ಈಚಿನ ವರ್ಷಗಳಲ್ಲಿ ಎಲ್ಲ ಬೇನೆಗೂ ಮದ್ದೆಂಬಂತೆ ಕೇಳಿಬರುತ್ತಿರುವ ಕಂಟೇನರ್ ತಂತ್ರಜ್ಞಾನ ಇವುಗಳಲ್ಲಿ ಎಲ್ಲವನ್ನೂ ಗುಣಪಡಿಸಲಾರದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತುಂಡಾದ ಕೇಬಲನ್ನು ಯಾವ ಕಂಟೇನರೂ ಜೋಡಿಸುವುದಿಲ್ಲ.

ಕಂಟೇನರ್ ಎಂಬ ಹೆಸರು ಬಂದಿರುವುದು ಹಡಗಿನ ಸರಕು ಸಾಗಣೆಯಿಂದ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿ 58 ಪೆಟ್ಟಿಗೆಗಳನ್ನು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ ಸಾಗಿಸಿದಂದಿನಿಂದ ಒಳಗಿನ ಸರಕು ಯಾವುದೇ ಇರಲಿ, ಹೊರಗಿನ ಪೆಟ್ಟಿಗೆ ಒಂದೇ ಅಳತೆಯದಾಗಿರಬೇಕೆಂಬ ವಿಚಾರ ಜಗತ್ತಿನಲ್ಲಿ ನೆಲೆಯೂರಿತು. ಬಿ.ಸಿ. ರೋಡ್ ಮೂಲಕ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುವ ಉದ್ದನೆಯ ಲಾರಿಗಳ ಮೇಲಿನ ಪೆಟ್ಟಿಗೆಯೊಳಗೆ ಕಾಫಿ ಇದೆಯೋ ಗೋಡಂಬಿ ಇದೆಯೋ ಎಂದು ಕ್ರೇನ್ ನಡೆಸುವವನಿಗೆ ತಿಳಿಯಬೇಕಾಗಿಲ್ಲ. ಗಣಕದ ಕಂಟೇನರೂ ಹಾಗೆಯೇ ಒಂದು ತಂತ್ರಾಂಶವನ್ನು, ಅದು ನಡೆಯಲು ಬೇಕಾದ ಸಹಾಯಕ ಕಡತಗಳೆಲ್ಲವನ್ನೂ ಒಂದೇ ಕಟ್ಟಾಗಿ ಕಟ್ಟಿಡುತ್ತದೆಯಾದ್ದರಿಂದ, ಆ ಕಟ್ಟನ್ನು ಯಾವ ಯಂತ್ರಕ್ಕೆ ಒಯ್ದರೂ ಅದು ಅದೇ ರೀತಿ ನಡೆಯಬೇಕೆಂಬುದು ಅಪೇಕ್ಷೆ.

ಇದಕ್ಕೂ ಮೊದಲು ರೂಢಿಯಲ್ಲಿದ್ದ, ಈಗಲೂ ವ್ಯಾಪಕವಾಗಿರುವ ವರ್ಚುವಲ್ ಮಷೀನ್ ಪದ್ಧತಿಯಲ್ಲಿ ಒಂದೇ ಯಂತ್ರದೊಳಗೆ ಹಲವು ಗಣಕಗಳಿರುವಂತೆ ತೋರಿಸಿ, ಪ್ರತಿಯೊಂದಕ್ಕೂ ಸಂಪೂರ್ಣವಾದ ಆಪರೇಟಿಂಗ್ ಸಿಸ್ಟಮ್ ಒದಗಿಸಲಾಗುತ್ತದೆ. ಕಂಟೇನರ್‌ಗಳಾದರೋ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಎಂಬ ಭಾಗವನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಆದ್ದರಿಂದ ಅವು ಹಗುರವಾಗಿರುತ್ತವೆ, ಕೆಲವೇ ಸೆಕೆಂಡುಗಳಲ್ಲಿ ಚಾಲೂ ಆಗುತ್ತವೆ, ಒಂದೇ ಯಂತ್ರದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹಿಡಿಸುತ್ತವೆ. ಇದರ ಬೇರು 1979ರ ಯೂನಿಕ್ಸ್‌ನ ಸಿಎಚ್‌ರೂಟ್ ಎಂಬ ಸೌಲಭ್ಯದವರೆಗೂ ಹೋಗುತ್ತದೆಯಾದರೂ, ಸಾಮಾನ್ಯ ತಂತ್ರಜ್ಞರ ಕೈಗೆ ಅದನ್ನು ಸುಲಭವಾಗಿ ತಂದುಕೊಟ್ಟದ್ದು 2013ರಲ್ಲಿ ಬಂದ ಡಾಕರ್. ಮರುವರ್ಷ ಗೂಗಲ್ ಸಂಸ್ಥೆ ತಾನು ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೇನರ್‌ಗಳನ್ನು ಚಾಲೂ ಮಾಡುವುದಾಗಿ ಬಹಿರಂಗಪಡಿಸಿತಲ್ಲದೆ, ಬಹುಸಂಖ್ಯೆಯ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟಿತು.

ಸರಕಾರದ ಸರ್ವರ್‌ಗಳಲ್ಲಿ ಯಾವುದನ್ನು ಮೊದಲು ಕಂಟೇನರ್‌ಗೆ ಸಾಗಿಸಬೇಕೆಂಬ ನಿರ್ಧಾರಗಳು ಬೆಂಗಳೂರಿನಲ್ಲಿ ಆಗುತ್ತವೆ. ಈ ಮೂರು ತಾಲೂಕುಗಳ ನೆಲದಲ್ಲೇ ಅಂಥ ನಿರ್ಧಾರ ಕೈಗೊಳ್ಳಬೇಕಾದವರು ಸಹಕಾರಿ ಸಂಘಗಳು, ಆಸ್ಪತ್ರೆಗಳು ಮತ್ತು ಮುಖ್ಯವಾಗಿ ಕಾಲೇಜುಗಳು. ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ 2001ರಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು, 2007ರಲ್ಲಿ ಉಜಿರೆಯ ಎಸ್‌ಡಿಎಂ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಮೂಡುಬಿದಿರೆ ಸಮೀಪದ ಬಡಗ ಮಿಜಾರಿನ ಮೈಟ್ ಎಂಜಿನಿಯರಿಂಗ್ ಕಾಲೇಜು, 2008ರಲ್ಲಿ ಮಿಜಾರಿನಲ್ಲೇ ಆಳ್ವಾಸ್ ತಾಂತ್ರಿಕ ಕಾಲೇಜು ಆರಂಭವಾದ ನಂತರ, ಒಂದು ಕಾಲದಲ್ಲಿ ಅಡಿಕೆ ಮತ್ತು ಹಂಚಿಗೆ ಹೆಸರಾಗಿದ್ದ ಈ ಭಾಗ ತಂತ್ರಜ್ಞರನ್ನು ತಯಾರಿಸುವ ಪ್ರದೇಶವಾಗಿಯೂ ಬೆಳೆದಿದೆ. ಇಂಥ ಪ್ರದೇಶದ ಮಧ್ಯಮ ಗಾತ್ರದ ಒಂದು ಕಾಲೇಜನ್ನು, ಯಾವುದೇ ನಿರ್ದಿಷ್ಟ ಸಂಸ್ಥೆಯನ್ನು ಉದ್ದೇಶಿಸದೆ, ಕಲ್ಪಿಸಿಕೊಂಡು ಪ್ರಶ್ನೆಯನ್ನು ಬಿಡಿಸಿ ನೋಡಬಹುದು. ಅಲ್ಲಿ ಕಾಲೇಜಿನ ಜಾಲತಾಣ, ಪಾಠಸಾಮಗ್ರಿಯ ಮೂಡಲ್, ಗ್ರಂಥಾಲಯದ ಕೋಹಾ, ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮುಗಳನ್ನು ಓಡಿಸಿ ಪರೀಕ್ಷಿಸುವ ಲ್ಯಾಬ್ ಸರ್ವರ್, ಬೆರಳಚ್ಚಿನ ಹಾಜರಾತಿ, ಶುಲ್ಕ ಮತ್ತು ಲೆಕ್ಕಪತ್ರ ಹೀಗೆ ಏಳೆಂಟು ಸರ್ವರ್‌ಗಳಿರುತ್ತವೆ. ಅವುಗಳನ್ನೆಲ್ಲ ನೋಡಿಕೊಳ್ಳಲು ಇಬ್ಬರೋ ಮೂವರೋ ಸಿಬ್ಬಂದಿ.

ಆಡಳಿತ ಮಂಡಳಿಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ತಪ್ಪುವುದುಂಟು. ಅತ್ಯಂತ ಮುಖ್ಯವಾದುದನ್ನೇ ಮೊದಲು ಆಧುನಿಕಗೊಳಿಸೋಣ ಎಂದು ಶುಲ್ಕದ ಸರ್ವರ್‌ಗೆ ಕೈಹಾಕುವುದು ಒಂದು ಬಗೆಯಾದರೆ, ಅತಿ ಹೆಚ್ಚು ಕಾಟ ಕೊಡುತ್ತಿರುವ ಹಳೆಯ ಯಂತ್ರವನ್ನೇ ಮೊದಲು ಎತ್ತೋಣ ಎನ್ನುವುದು ಇನ್ನೊಂದು. ಎರಡರಲ್ಲಿಯೂ ಹೊಸ ವಿದ್ಯೆಯನ್ನು ಕಲಿಯುವ ಕೆಲಸ ಮತ್ತು ಅಪಾಯದ ಕೆಲಸ ಒಂದೇ ಹೊತ್ತಿಗೆ ಅದೇ ಇಬ್ಬರು ಸಿಬ್ಬಂದಿಯ ತಲೆಯ ಮೇಲೆ ಬೀಳುತ್ತವೆ. ಮೊದಲು ಹೋಗಬೇಕಾದದ್ದು ದಿನವೂ ಬಳಕೆಯಲ್ಲಿರುವ, ಆದರೆ ಅರ್ಧ ದಿನ ನಿಂತರೂ ಯಾರ ಹಣವೂ ಯಾರ ವರ್ಷವೂ ಹಾಳಾಗದ ಸರ್ವರ್. ಯಾರೂ ಬಳಸದ ಸರ್ವರನ್ನು ಸಾಗಿಸಿದರೆ ತಪ್ಪುಗಳು ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಅದರಿಂದ ಕಲಿಯುವುದೂ ಏನಿಲ್ಲ.

ಆಯ್ಕೆಯ ಮುಖ್ಯ ಮಾನದಂಡವೆಂದರೆ ಸರ್ವರ್‌ನ ನೆನಪು ಎಲ್ಲಿದೆ ಎಂಬುದು. ಕೋರಿಕೆ ಬಂದಾಗ ಉತ್ತರಿಸಿ ಮರೆತುಬಿಡುವ ತಂತ್ರಾಂಶಗಳಿವೆ. ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ತಂತ್ರಾಂಶಗಳೂ ಇವೆ. ಕಂಟೇನರ್ ಒಂದನ್ನು ತೆಗೆದುಹಾಕಿ ಹೊಸದನ್ನು ಇಟ್ಟಾಗ ಹಳೆಯದರೊಳಗೆ ಬರೆದ ಕಡತಗಳೂ ಅದರೊಂದಿಗೇ ಹೋಗುವುದರಿಂದ, ಉಳಿಯಬೇಕಾದ ಮಾಹಿತಿಯನ್ನು ವಾಲ್ಯೂಮ್ ಎಂದು ಕರೆಯುವ ಹೊರಗಿನ ಜಾಗದಲ್ಲಿ ಇಡಬೇಕಾಗುತ್ತದೆ. ಮರೆಯುವ ತಂತ್ರಾಂಶಕ್ಕೆ ಈ ಚಿಂತೆಯಿಲ್ಲ. ಒಂದರ ಬದಲು ಐದು ಪ್ರತಿಗಳನ್ನು ಓಡಿಸಿ ಹೊರೆಯನ್ನು ಹಂಚಿಕೊಡಬಹುದು. ಫಲಿತಾಂಶದ ದಿನ ಮುಗ್ಗರಿಸುವ ಜಾಲತಾಣಕ್ಕೆ ಕಂಟೇನರ್ ನಿಜಕ್ಕೂ ನೆರವಾಗುವುದು ಇಲ್ಲಿಯೇ. ಡೇಟಾಬೇಸ್, ಅಂದರೆ ದಾಖಲೆಗಳನ್ನು ಕ್ರಮವಾಗಿ ಕೂಡಿಟ್ಟ ಭಂಡಾರ, ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಎಷ್ಟೋ ಕಡೆ ಹೋಗದೆ ಇದ್ದಲ್ಲಿಯೇ ಇರುವುದು ಇನ್ನೂ ಲೇಸು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಮೊದಲ್ಗೊಂಡ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಿಂದಾಗಿ ಸ್ವಸಹಾಯ ಸಂಘದ ವಾರದ ಉಳಿತಾಯವೆಂದರೇನು ಎಂಬುದು ಇಲ್ಲಿನ ಮನೆಮನೆಗೂ ಗೊತ್ತು. ಅಂಥ ಉಳಿತಾಯದ ಲೆಕ್ಕ ಕೂತಿರುವ ಯಾವುದೇ ಭಂಡಾರವನ್ನು ಕಲಿಕೆಯ ಪ್ರಯೋಗಕ್ಕೆ ಒಡ್ಡುವುದು ಸಲ್ಲದು.

ಈ ಮಾನದಂಡದಿಂದ ನೋಡಿದರೆ ಕಲ್ಪಿತ ಕಾಲೇಜಿನಲ್ಲಿ ಮೊದಲ ಸ್ಥಾನ ಲ್ಯಾಬ್ ಸರ್ವರ್‌ಗೆ ಸಲ್ಲುತ್ತದೆ. ವಿದ್ಯಾರ್ಥಿಯೊಬ್ಬನ ಪ್ರೋಗ್ರಾಮು ಮುಗಿಯದ ಸುತ್ತಿನಲ್ಲಿ ಸಿಲುಕಿ ಯಂತ್ರವನ್ನೇ ನುಂಗುವಂತಾದಾಗ ಆ ಕಂಟೇನರ್‌ಗೆ ಮಾತ್ರ ಮಿತಿ ಹಾಕಬಹುದು, ಒಂದೊಂದು ಕೋರಿಕೆಗೂ ಹೊಸ ಕಂಟೇನರ್ ತೆರೆದು ಕೆಲಸವಾದೊಡನೆ ಅಳಿಸಬಹುದು, ಕೆಟ್ಟುಹೋದರೆ ಆ ಮಧ್ಯಾಹ್ನದ ಲ್ಯಾಬ್ ಮರುದಿನಕ್ಕೆ ಹೋಗುತ್ತದೆಯಷ್ಟೆ. ಕರ್ನಲ್ ಹಂಚಿಕೆಯಾಗಿರುವುದರಿಂದ ಕಂಟೇನರ್‌ನ ಗೋಡೆ ವರ್ಚುವಲ್ ಮಷೀನಿನ ಗೋಡೆಯಷ್ಟು ಗಟ್ಟಿಯಲ್ಲ ಎಂಬುದನ್ನು ನೆನಪಿಟ್ಟು, ಈ ಸರ್ವರನ್ನು ಶುಲ್ಕದ ಸರ್ವರ್ ಇರುವ ಯಂತ್ರದಲ್ಲಿ ಇಡಬಾರದು. ಜಾಲತಾಣ ಎರಡನೆಯದು. ಮೂಡಲ್‌ನಲ್ಲಿ ತಂತ್ರಾಂಶ, ಕಡತಗಳು, ಡೇಟಾಬೇಸ್ ಮೂರೂ ಬೇರೆ ಬೇರೆ ಇರುವುದರಿಂದ ತಂತ್ರಾಂಶವನ್ನಷ್ಟೇ ಕಂಟೇನರ್‌ಗೆ ಒಯ್ದು ಉಳಿದವನ್ನು ಹಳೆಯ ಜಾಗದಲ್ಲಿ ಬಿಡುವ ಅನುಕೂಲವಿದೆ. ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ 2000ದಲ್ಲಿ ಬಳಕೆಗೆ ಬಂದು ಈಗ ಭಾರತದ ಅನೇಕ ಕಾಲೇಜುಗಳನ್ನು ತಲುಪಿರುವ ಕೋಹಾ ಮೇಲ್ನೋಟಕ್ಕೆ ಸರಳವೆನಿಸಿದರೂ ಅದರೊಳಗೆ ಡೇಟಾಬೇಸ್, ಹುಡುಕುವ ಸೂಚಿ, ರಾತ್ರಿ ಓಡುವ ಕೆಲಸಗಳು ಹೆಣೆದುಕೊಂಡಿರುವುದರಿಂದ ಅದಕ್ಕೆ ಅವಸರ ಬೇಡ. ಇನ್ನು ವಿಂಡೋಸ್‌ಗೆಂದೇ ಬರೆದ ಹಳೆಯ ಲೆಕ್ಕಪತ್ರದ ತಂತ್ರಾಂಶ ಲಿನಕ್ಸ್‌ನ ಕರ್ನಲ್ ಹಂಚಿಕೊಳ್ಳುವ ಕಂಟೇನರ್‌ನಲ್ಲಿ ನಡೆಯಲಾರದು. ಯುಎಸ್‌ಬಿ ಡಾಂಗಲ್‌ಗೆ ಕಟ್ಟುಬಿದ್ದ ಪರವಾನಗಿಯ ತಂತ್ರಾಂಶವೂ ಇದ್ದಲ್ಲಿಯೇ ಇರಲಿ.

ಈ ಅನುಕ್ರಮವನ್ನು ಕಾಗದದ ಮೇಲೆ ಬರೆಯುವುದು ಸುಲಭ. ಅದನ್ನು ಬುಡಮೇಲು ಮಾಡುವುದು ಸರ್ವರ್‌ಗಳ ನಡುವೆ ಕಣ್ಣಿಗೆ ಕಾಣದೆ ಬೆಳೆದುಕೊಂಡ ಸಂಬಂಧಗಳು. ಹಾಜರಾತಿಯ ಯಂತ್ರ ಪ್ರತಿರಾತ್ರಿ ಒಂದು ಕಡತವನ್ನು ಜಾಲತಾಣದ ಸರ್ವರ್‌ನ ಯಾವುದೋ ಫೋಲ್ಡರ್‌ಗೆ ಹಾಕುತ್ತಿರುತ್ತದೆ. ಸಂಬಳದ ತಂತ್ರಾಂಶ ತಿಂಗಳ ಕೊನೆಗೆ ಅದನ್ನು ಎತ್ತಿಕೊಳ್ಳುತ್ತದೆ. ಹಾಗೆ ಏರ್ಪಾಡು ಮಾಡಿದ ನೌಕರ ಕೆಲಸ ಬಿಟ್ಟುಹೋಗಿ ವರ್ಷಗಳಾಗಿರುತ್ತವೆ, ಬರೆದಿಟ್ಟ ಟಿಪ್ಪಣಿ ಇರುವುದಿಲ್ಲ. ಆದುದರಿಂದ ಯಾವ ಯಂತ್ರ ಯಾವುದರೊಂದಿಗೆ ಮಾತಾಡುತ್ತಿದೆ ಎಂಬುದನ್ನು ಕನಿಷ್ಠ ಒಂದು ಪೂರ್ಣ ತಿಂಗಳಾದರೂ ದಾಖಲಿಸಿ ನೋಡಬೇಕು, ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮತ್ತು ಪರೀಕ್ಷಾ ಅರ್ಜಿಗಳ ಕಾಲದಲ್ಲಿ ಮಾತ್ರ ಎಚ್ಚರಗೊಳ್ಳುವ ಕೆಲಸಗಳನ್ನು ಹಳೆಯ ಸಿಬ್ಬಂದಿಯನ್ನು ಕೇಳಿ ತಿಳಿದುಕೊಳ್ಳಬೇಕು. ಹೊಸ ಯಂತ್ರ ಕೊಳ್ಳುವ ಹಣಕ್ಕಿಂತ ಈ ತಿಂಗಳ ತಾಳ್ಮೆ ಹೆಚ್ಚು ಬೆಲೆಯುಳ್ಳದ್ದು. ಆದರೆ ಮಂಜೂರಾಗುವುದು ಬಹುಮಟ್ಟಿಗೆ ಯಂತ್ರದ ಹಣವೇ ಎಂಬುದು ಬೇಸರದ ಸಂಗತಿ.

ಏಳೆಂಟು ಸರ್ವರ್‌ಗಳ ಸಂಸ್ಥೆಗೆ ಕುಬರ್ನೆಟಿಸ್ ಅಗತ್ಯವೇ ಎಂಬ ಪ್ರಶ್ನೆಯೂ ಬರುತ್ತದೆ. ಬಹುಪಾಲು ಅಗತ್ಯವಿಲ್ಲ. ಅದನ್ನು ಸಾಕುವುದಕ್ಕೇ ಒಬ್ಬ ಪೂರ್ಣಾವಧಿ ತಂತ್ರಜ್ಞ ಬೇಕು. ಒಂದು ಯಂತ್ರದಲ್ಲಿ ಡಾಕರ್ ಅಥವಾ ಅದೇ ಬಗೆಯ ಪಾಡ್‌ಮನ್, ಯಾವ ಕಂಟೇನರ್ ಹೇಗೆ ನಡೆಯಬೇಕೆಂದು ಬರೆದಿಟ್ಟ ಒಂದು ಪುಟದ ಕಡತ, ಪ್ರತಿರಾತ್ರಿಯ ಬ್ಯಾಕಪ್ ಇಷ್ಟಿದ್ದರೆ ಮಿಜಾರಿನಂಥ ಊರಿನ ಸಂಸ್ಥೆಗೆ ಸಾಕು.

ಕನ್ನಡದಲ್ಲಿ ಕೆಲಸ ಮಾಡುವ ಸಂಸ್ಥೆಗಳು ಪರೀಕ್ಷಿಸಲೇಬೇಕಾದ ಎರಡು ಸಂಗತಿಗಳು ಹೊರಗಿನ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಗಾತ್ರ ಕಡಿಮೆಯಿರಲೆಂದು ಕಂಟೇನರ್‌ನ ತಳಹದಿಯಲ್ಲಿ ಅನಗತ್ಯವೆನಿಸಿದ್ದನ್ನೆಲ್ಲ ಕಳೆದಿರುವುದರಿಂದ ಕನ್ನಡದ ಫಾಂಟುಗಳೂ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಸರ್ವರ್‌ನಲ್ಲಿ ಸರಿಯಾಗಿ ಮುದ್ರಣವಾಗುತ್ತಿದ್ದ ರಶೀದಿಯಲ್ಲಿ ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ, ಅಥವಾ ಒತ್ತಕ್ಷರಗಳು ಬಿಡಿಯಾಗಿ ಪಕ್ಕಕ್ಕೆ ನಿಲ್ಲುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಕೂಡಿಟ್ಟ, ಯೂನಿಕೋಡ್‌ಗೆ ಬದಲಾಗದ ದಾಖಲೆಗಳಿದ್ದರೆ ಆ ಬದಲಾವಣೆಯನ್ನು ಸಾಗಣೆಯ ಜತೆಗೆ ಬೆರೆಸದೆ ಅದಕ್ಕೂ ಮುನ್ನವೇ ಬೇರೆಯಾಗಿ ಮುಗಿಸಬೇಕು. ಎರಡನೆಯದು ಗಡಿಯಾರ. ಬೇರೆ ಹೇಳದಿದ್ದರೆ ಕಂಟೇನರ್ ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನವನ್ನು ತೋರಿಸುತ್ತದೆಯಾದ್ದರಿಂದ, ದಂಡವಿಲ್ಲದೆ ಶುಲ್ಕ ಕಟ್ಟುವ ಕೊನೆಯ ದಿನ ಕಳೆದು ರಾತ್ರಿ ಒಂದು ಗಂಟೆಗೆ ಕಟ್ಟಿದವನ ರಶೀದಿಯಲ್ಲಿ ಹಿಂದಿನ ದಿನದ ಸಂಜೆ ಏಳೂವರೆ ಎಂದು ನಮೂದಾಗುತ್ತದೆ. ಶುಲ್ಕದ ಸರ್ವರನ್ನು ಮೊದಲು ಸಾಗಿಸಿದ್ದರೆ ಇಂಥ ತಪ್ಪು ಲೆಕ್ಕಪರಿಶೋಧಕರ ಮುಂದೆ ಬೆಳಕಿಗೆ ಬರುತ್ತಿತ್ತು. ಲ್ಯಾಬ್ ಸರ್ವರ್‌ನಲ್ಲಾದರೆ ತಡವಾಗಿ ಒಪ್ಪಿಸಿದ ಅಸೈನ್‌ಮೆಂಟ್ ಸಕಾಲದ್ದೆಂದು ತೋರಿದಾಗಲೇ ಉಪನ್ಯಾಸಕರ ಗಮನಕ್ಕೆ ಬರುತ್ತದೆ.

ಸಾಗಣೆಗೆ ಕಾಲವೂ ಮುಖ್ಯ. ಪ್ರವೇಶ ಮತ್ತು ಪರೀಕ್ಷೆಗಳ ದಿನಗಳನ್ನೂ, ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಕೈಕೊಡುವ ಜೂನ್-ಜುಲೈ ತಿಂಗಳುಗಳನ್ನೂ ಬಿಟ್ಟರೆ ಸೆಮಿಸ್ಟರ್‌ಗಳ ನಡುವಿನ ಬಿಡುವು ಉಳಿಯುತ್ತದೆ. ಜಾಲತಾಣದ ಹೆಸರನ್ನು ಯಂತ್ರದ ವಿಳಾಸಕ್ಕೆ ಜೋಡಿಸುವ ದಾಖಲೆಯ ನೆನಪಿನ ಅವಧಿಯನ್ನು ಕೆಲವು ದಿನ ಮುಂಚೆಯೇ ಗಂಟೆಗಳಿಂದ ನಿಮಿಷಗಳಿಗೆ ಇಳಿಸಿಟ್ಟಿದ್ದರೆ, ಹೊಸದು ಮುಗ್ಗರಿಸಿದಾಗ ಬಳಕೆದಾರರನ್ನು ಹಳೆಯ ಯಂತ್ರಕ್ಕೆ ಬೇಗನೆ ಹಿಂದಿರುಗಿಸಲು ಸಾಧ್ಯ. ಆ ಹಳೆಯ ಯಂತ್ರವನ್ನು ಅಳಿಸದೆ, ಕನಿಷ್ಠ ಒಂದು ಸೆಮಿಸ್ಟರ್‌ನ ಪರೀಕ್ಷೆಯೂ ಒಂದು ವರ್ಷಾಂತ್ಯದ ಲೆಕ್ಕವೂ ಹೊಸ ವ್ಯವಸ್ಥೆಯಲ್ಲಿ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಬೇಕು.