ಉಪ್ಪಿನ ಗಾದೆ ಮತ್ತು ಮೂತ್ರಪಿಂಡದ ದೂರಸ್ಥ ನಾಳಿಕೆ

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬ ಗಾದೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಮಾಡಿದ ತಪ್ಪಿನ ಫಲವನ್ನು ಮಾಡಿದವನೇ ಅನುಭವಿಸಬೇಕು ಎಂಬುದು ಇದರ ರೂಢಿಯ ಅರ್ಥ. ಗಾದೆಗಳನ್ನು ನೀತಿಯ ನೆಲೆಯಲ್ಲಿ ವಿವೇಚಿಸುವುದು ವಾಡಿಕೆಯಾದರೂ ಆ ನೀತಿ ನಿಂತಿರುವುದು ದೈನಂದಿನ ಅನುಭವದ ಮೇಲೆ. ಉಪ್ಪು ತಿಂದರೆ ನೀರಡಿಕೆಯಾಗುತ್ತದೆ ಎಂಬುದು ಎಲ್ಲರ ಅನುಭವ. ಅದರ ಹಿಂದಿರುವ ದೇಹವ್ಯವಹಾರವನ್ನು ಅರಿತಾಗ ಈ ಗಾದೆ ಶರೀರಕ್ಕೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿಯೂ ಸರಾಸರಿ 10 ಲಕ್ಷದಷ್ಟು ನೆಫ್ರಾನ್‌ಗಳಿವೆ. ಇವು ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳು. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಹೀಗೆ ಸೋಸಿ ನಾಳಿಕೆಗಳಿಗೆ ಇಳಿಯುತ್ತದೆ. ಅದರಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಒಂದೂವರೆ ಕಿಲೊ ಸಮೀಪಿಸುತ್ತದೆ. ಇದರ ಬಹುಪಾಲನ್ನು ನಾಳಿಕೆಯ ಮೊದಲ ಭಾಗಗಳೇ ಮರಳಿ ರಕ್ತಕ್ಕೆ ಸೇರಿಸುತ್ತವೆ. ಕೊನೆಗೆ ದೂರಸ್ಥ ನಾಳಿಕೆ ಮತ್ತು ಅದಕ್ಕೆ ಹೊಂದಿಕೊಂಡ ಸಂಗ್ರಾಹಕ ನಾಳವನ್ನು ತಲುಪುವ ಉಪ್ಪು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ದೇಹದ ಅಂತಿಮ ಲೆಕ್ಕ ಇತ್ಯರ್ಥವಾಗುವುದು ಇಲ್ಲಿಯೇ. ಕೆರೆಯ ನೀರು ಕಾಲುವೆಗೆ ಇಳಿದ ಮೇಲೂ ಯಾವ ಗದ್ದೆಗೆ ಎಷ್ಟು ಎಂಬುದು ನೀರಗಂಟಿಯ ಕೈಯಲ್ಲಿರುವಂತೆ, ಉಳಿಸುವುದೆಷ್ಟು, ಹೊರಹಾಕುವುದೆಷ್ಟು ಎಂಬುದನ್ನು ಈ ಕೊನೆಯ ಭಾಗವು ಹಾರ್ಮೋನುಗಳ ಆಣತಿಯಂತೆ ನಿರ್ಧರಿಸುತ್ತದೆ.

ಇಲ್ಲಿ ಮೂರು ವ್ಯವಹಾರಗಳು ನಡೆಯುತ್ತವೆ. ಮೊದಲನೆಯದು ಉಪ್ಪಿನದು. ಅಡ್ರಿನಲ್ ಗ್ರಂಥಿ ಸ್ರವಿಸುವ ಆಲ್ಡೊಸ್ಟಿರೋನ್ ಹೆಚ್ಚಿದಾಗ ನಾಳಿಕೆಯ ಜೀವಕೋಶಗಳು ಸೋಡಿಯಂ ಅನ್ನು ಹಿಂಪಡೆದು ಪೊಟ್ಯಾಸಿಯಂ ಅನ್ನು ಹೊರಬಿಡುತ್ತವೆ. ಎರಡನೆಯದು ನೀರಿನದು. ಉಪ್ಪು ತಿಂದಾಗ ರಕ್ತದ ಸಾಂದ್ರತೆ ತುಸು ಏರುತ್ತದೆ. ಅಷ್ಟಕ್ಕೇ ಮಿದುಳು ನೀರಡಿಕೆಯನ್ನು ಎಬ್ಬಿಸುತ್ತದೆ. ಜೊತೆಗೆ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಇದರ ಪ್ರಭಾವದಿಂದ ಸಂಗ್ರಾಹಕ ನಾಳದ ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ನೀರ್ದಾರಿಗಳು ತೆರೆದು ನೀರು ದೇಹದಲ್ಲೇ ಉಳಿಯುತ್ತದೆ. ಈ ನೀರ್ದಾರಿಗಳ ಶೋಧಕ್ಕಾಗಿ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಗೌರವ ಸಂದಿತು. 9 ಗ್ರಾಂ ಉಪ್ಪು ದೇಹದಲ್ಲಿ ಉಳಿದರೆ ಅದರೊಡನೆ ಸುಮಾರು ಒಂದು ಲೀಟರ್ ನೀರೂ ಉಳಿಯುತ್ತದೆ. ಗಾದೆಯ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಮೂರನೆಯದು ಆಮ್ಲದ ವ್ಯವಹಾರ. ಆಹಾರದ ಪ್ರೋಟೀನು ಕರಗುವಾಗ ಉಂಟಾಗುವ ಕೆಲವು ಆಮ್ಲಗಳು ಉಸಿರಿನೊಡನೆ ಹೋಗಲಾರವು. ಸಂಗ್ರಾಹಕ ನಾಳದ ವಿಶೇಷ ಜೀವಕೋಶಗಳು ಆಮ್ಲಕಾರಕ ಹೈಡ್ರೋಜನ್ ಅಯಾನುಗಳನ್ನು ಮೂತ್ರಕ್ಕೆ ತಳ್ಳುತ್ತವೆ. ಫಾಸ್ಫೇಟ್ ಮತ್ತು ಅಮೋನಿಯಾಗಳು ಅವನ್ನು ಹೊತ್ತೊಯ್ಯುತ್ತವೆ. ಈ ಕೆಲಸ ಕೆಟ್ಟರೆ ರಕ್ತ ಆಮ್ಲೀಯವಾಗುತ್ತದೆ, ಮೂಳೆ ಸವೆಯುತ್ತದೆ, ಮೂತ್ರಪಿಂಡದಲ್ಲಿ ಕಲ್ಲುಗಳಾಗುತ್ತವೆ. ಸೋಡಿಯಂನ ಹಿಂಪಡೆಯುವಿಕೆಯೇ ಪೊಟ್ಯಾಸಿಯಂ ಮತ್ತು ಆಮ್ಲಗಳ ವಿಸರ್ಜನೆಗೆ ಸೆಳೆತವನ್ನು ಒದಗಿಸುವುದರಿಂದ ಮೂರೂ ಲೆಕ್ಕಗಳು ಪರಸ್ಪರ ಹೆಣೆದುಕೊಂಡಿವೆ.

ಈ ವ್ಯವಸ್ಥೆ ಎಂಥ ಪರಿಸ್ಥಿತಿಗೆ ಹೊಂದಿಕೊಂಡಿದೆ ಎಂಬುದಕ್ಕೆ ಅಮೆಜಾನ್ ಕಾಡಿನ ಯಾನೊಮಾಮಿ ಬುಡಕಟ್ಟು ನಿದರ್ಶನ. ವೆನಿಜುವೆಲಾ ಮತ್ತು ಬ್ರೆಜಿಲ್‌ಗಳ ಗಡಿಯಲ್ಲಿ ನೆಲೆಸಿರುವ ಈ ಜನರ ಸಾಂಪ್ರದಾಯಿಕ ಆಹಾರದಲ್ಲಿ ಬೆರೆಸುವ ಉಪ್ಪಿಲ್ಲ; ಬಾಳೆಯಂಥ ಪೊಟ್ಯಾಸಿಯಂ ಹೇರಳವಾಗಿರುವ ಪದಾರ್ಥಗಳೇ ಪ್ರಧಾನ. 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇವರ ಆಲ್ಡೊಸ್ಟಿರೋನ್ ಪ್ರಮಾಣ ಬಹಳ ಹೆಚ್ಚಾಗಿಯೂ ಮೂತ್ರದ ಸೋಡಿಯಂ ಅತ್ಯಲ್ಪವಾಗಿಯೂ ಕಂಡುಬಂದಿತು. ಜಗತ್ತಿನ 52 ಕೇಂದ್ರಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಇವರ ಸರಾಸರಿ ರಕ್ತದೊತ್ತಡ ಸುಮಾರು 95/61 ಇತ್ತು; ವಯಸ್ಸಿನೊಂದಿಗೆ ಅದು ಏರಿರಲಿಲ್ಲ. ಉಪ್ಪಿನ ಅಭಾವವೊಂದೇ ಇದಕ್ಕೆ ಕಾರಣವೆನ್ನಲಾಗದು. ಮೈತೂಕ, ದುಡಿಮೆ, ಆಹಾರಕ್ರಮಗಳ ಪಾತ್ರವೂ ಇದೆ. ಆದರೆ ಇರುವ ಅಲ್ಪ ಉಪ್ಪನ್ನು ದೂರಸ್ಥ ನಾಳಿಕೆ ಎಷ್ಟು ಬಿಗಿಯಾಗಿ ಹಿಡಿದಿಡಬಲ್ಲದೆಂಬುದು ಇದರಿಂದ ಸಿದ್ಧವಾಗುತ್ತದೆ.

ಕನ್ನಡ ಜನಪದದಲ್ಲಿಯೂ ಉಪ್ಪು ಸುಲಭದ ವಸ್ತುವಾಗಿರಲಿಲ್ಲ. ಒಳನಾಡಿನಲ್ಲಿ ಉಪ್ಪುಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬ ಗಾದೆಯೂ 'ಉಪ್ಪಿನ ಋಣ' ಎಂಬ ಕಲ್ಪನೆಯೂ ಅದರ ಬೆಲೆಯನ್ನು ಸಾರುತ್ತವೆ. ಇಂದು ಸ್ಥಿತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ; ಭಾರತೀಯರ ಸರಾಸರಿ ಸೇವನೆ ಅದನ್ನು ಮೀರಿದೆ. ಉಪ್ಪನ್ನು ಉಳಿಸಿಕೊಳ್ಳುವುದರಲ್ಲಿ ಪಳಗಿದ ಅಂಗಕ್ಕೆ ಅತಿಯಾದುದನ್ನು ನಿತ್ಯವೂ ಹೊರಹಾಕುವ ಹೊರೆ ಬಿದ್ದಿದೆ. ಅದು ಅನೇಕರಲ್ಲಿ ರಕ್ತದೊತ್ತಡವಾಗಿ ಪರಿಣಮಿಸುತ್ತದೆ. ಏರಿದ ರಕ್ತದೊತ್ತಡ ಮೂತ್ರಪಿಂಡವನ್ನೇ ಹಾಳುಮಾಡುತ್ತದೆ.

ಗಾದೆಯನ್ನು ವೈದ್ಯಸಲಹೆಯಾಗಿ ಬಳಸುವಾಗ ಎಚ್ಚರ ಬೇಕಾಗುವುದು ಇಲ್ಲಿಯೇ. ಹೆಚ್ಚು ನೀರು ಕುಡಿದರೆ ತಿಂದ ಉಪ್ಪಿನ ದೋಷ ಕಳೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಮೂತ್ರಪಿಂಡ ಸೋತು ಮೂತ್ರದ ಪ್ರಮಾಣ ಇಳಿದವರಲ್ಲಿ ಕುಡಿದ ನೀರು ಹೊರಹೋಗದೆ ಕಾಲು ಬಾವು ಬರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೂತ್ರದ ತೊಂದರೆಗೆ ಹಿತವೆಂದು ಕೊಡುವ ಎಳನೀರಿನಲ್ಲಿಯೂ, ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪುಗಳಲ್ಲಿಯೂ ಪೊಟ್ಯಾಸಿಯಂ ಹೇರಳವಾಗಿದೆ. ಅದನ್ನು ಹೊರಹಾಕಬೇಕಾದ ನಾಳಿಕೆಗಳೇ ಸೋತಾಗ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ನಿಲ್ಲಿಸಬಹುದು. ಆದ್ದರಿಂದ ಅಂಥವರಿಗೆ ನೀರು, ಎಳನೀರು, ಉಪ್ಪು ಇವುಗಳ ಪ್ರಮಾಣವನ್ನು ವೈದ್ಯರೇ ನಿಗದಿಪಡಿಸಬೇಕು.

ಉಪ್ಪು ವಿರಳವಾಗಿದ್ದ ಕಾಲದ ಅನುಭವ ಗಾದೆಯಲ್ಲಿಯೂ ಇದೆ, ನಾಳಿಕೆಯ ರಚನೆಯಲ್ಲಿಯೂ ಇದೆ. ಆರೋಗ್ಯವಂತನ ನೀರಡಿಕೆಯನ್ನು ಗಾದೆ ಸರಿಯಾಗಿಯೇ ಗುರುತಿಸಿದೆ. ರೋಗಿಯ ಪಥ್ಯವನ್ನು ಗೊತ್ತುಮಾಡುವುದು ಅದರ ಉದ್ದೇಶವಾಗಿರಲಿಲ್ಲ. ಈ ಭೇದವನ್ನು ಅರಿತು ಜನಪದ ತಿಳಿವಳಿಕೆಯನ್ನು ಬಳಸುವುದೇ ಅದಕ್ಕೆ ಸಲ್ಲಿಸುವ ನಿಜವಾದ ಗೌರವ.