ಇನ್ನೂ ಒಂಬತ್ತೇ ನಿಮಿಷ!

ವಯನಾಡಿನ ಪುಲ್ಪಳ್ಳಿಯ ಕಡೆಯಿಂದ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ. ಅವರ ಹೊಸ ವಾಶಿಂಗ್ ಮಶೀನಿನ ಪರದೆ ‘9 ನಿಮಿಷ’ ಎಂದು ತೋರಿಸುತ್ತದಂತೆ. ಅಕ್ಕಿ ತೊಳೆದು, ಅನ್ನ ಮಾಡಿ, ಬಸಿದು ಬಂದರೂ ಅದೇ 9. ಒಮ್ಮೊಮ್ಮೆ 12ಕ್ಕೆ ಏರಿರುತ್ತದೆ! ‘ಹಳೇ ಮಶೀನಿನ ತಿರುಗುಗುಂಡಿ ಟಿಕ್ ಟಿಕ್ ಎನ್ನುತ್ತ ಸೊನ್ನೆಗೆ ಬಂದರೆ ಕೆಲಸ ಮುಗಿಯಿತು ಅಂತ. ಇದಕ್ಕೆ ಹದಿನಾಲ್ಕು ಪ್ರೋಗ್ರಾಂ ಉಂಟು, ಗಡಿಯಾರ ಮಾತ್ರ ಸರಿಯಿಲ್ಲ. ವೋಲ್ಟೇಜಿನ ತೊಂದರೆಯೋ, ಯಾರದಾದರೂ ದೃಷ್ಟಿಯೋ?’ ಎಂದು ಕೇಳಿದ್ದಾರೆ.

ದೃಷ್ಟಿಯಂತೂ ಅಲ್ಲ. ಆಯುಧಪೂಜೆಗೆ ಮಶೀನಿನ ತಲೆಯ ಮೇಲೆ ಚೊಂಬುಗಟ್ಟಲೆ ನೀರು ಸುರಿದು, ಗುಂಡಿಗಳ ಸಂದಿಗೆಲ್ಲ ಕುಂಕುಮ ಮೆತ್ತುವವರಿಗೆ ಒಂದು ಮಾತು: ಆ ಗುಂಡಿಗಳ ಹಿಂದೆಯೇ ಎಲೆಕ್ಟ್ರಾನಿಕ್ ಬೋರ್ಡು ಕೂತಿದೆ. ಅದಕ್ಕೆ ನೀರಿಳಿದರೆ ಯಾವ ನಿಂಬೆಹಣ್ಣೂ ಕಾಯುವುದಿಲ್ಲ. ಹೂ ಏರಿಸಿ, ಸಾಕು.

ವೋಲ್ಟೇಜೂ ಸಾಮಾನ್ಯವಾಗಿ ಕಾರಣವಲ್ಲ. ಪರದೆಯ ಮೇಲಿನ ಅಂಕಿ ಗಡಿಯಾರವೇ ಅಲ್ಲ, ಅದು ಮಶೀನಿನ ಅಂದಾಜು. ಆ ಅಂದಾಜು ಎಡವುವುದು ಬಹುಪಾಲು ಕೊನೆಯಲ್ಲಿ, ಹಿಂಡುವ ಹೊತ್ತಿನಲ್ಲಿ.

ವಯನಾಡಿನಲ್ಲಿ ಆ ಹಿಂಡುವಿಕೆಯೇ ಮಶೀನಿನ ನಿಜವಾದ ಕೆಲಸ ಎಂಬುದು ನನ್ನ ವಾದ. ಒಗೆಯುವುದು ಅಲ್ಲಿ ದೊಡ್ಡ ಮಾತಲ್ಲ. ಬಾವಿನೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿದರೂ ನೊರೆ ಉಕ್ಕುತ್ತದೆ. ಶುಂಠಿ ಗದ್ದೆಯ ಕೆಸರನ್ನು ಕಲ್ಲಿನ ಮೇಲೆ ಎರಡು ಸಲ ಕುಕ್ಕಿದರೆ ಬಿಡಿಸಬಹುದು. ನೇಂದ್ರ ಬಾಳೆಯ ಸೊನೆ ತಾಗಿದ ಕಪ್ಪು ಕಲೆಯೋ, ಕಲ್ಲಿಗೂ ಬಗ್ಗದು, ಮಶೀನಿಗೂ ಬಗ್ಗದು. ಹದಿನಾಲ್ಕು ಪ್ರೋಗ್ರಾಮಿನಲ್ಲಿ ಜೀನ್ಸಿಗೆ ಒಂದು, ರೇಷ್ಮೆಗೆ ಒಂದು, ಎಳೆಮಕ್ಕಳ ಬಟ್ಟೆಗೆ ಒಂದು ಇರಬಹುದು, ಬಾಳೆಕಲೆಗೆ ಇಲ್ಲ. ಕಷ್ಟವಿರುವುದು ಒಣಗಿಸುವುದರಲ್ಲಿ. ಲಕ್ಕಿಡಿ, ವೈತಿರಿಯ ಕಡೆ ಕರ್ಕಾಟಕದ ಮಳೆ ಹಿಡಿದರೆ ಗಾಳಿಗೆ ಇನ್ನಷ್ಟು ನೀರು ಹೀರುವ ಶಕ್ತಿಯೇ ಇರುವುದಿಲ್ಲ. ಪಡಸಾಲೆಯ ಹಗ್ಗದ ಮೇಲೆ ಮುಂಡು ಮೂರು ದಿನ ತೂಗಿ, ಕೊನೆಗೆ ಒಲೆಯ ಮೇಲಿನ ಅಟ್ಟ ಸೇರಿ ಹೊಗೆ ಕುಡಿಯುತ್ತದೆ. ಅರೆ ಒಣಗಿದ ಬಟ್ಟೆಯ ಆ ಮುಗ್ಗಲು ವಾಸನೆಯ ಮೂಲವನ್ನು ಜಪಾನಿನ ಸಂಶೋಧಕರು 2012ರಲ್ಲಿ ಗುರುತಿಸಿದರು. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಒದ್ದೆ ನೂಲಿನಲ್ಲಿ ಬೆಳೆದು ನಾರುವ ಆಮ್ಲವೊಂದನ್ನು ಬಿಡುತ್ತದೆ. ಎಳೆಕೂಸಿನ ಬಟ್ಟೆ ರಾತ್ರಿ ಹೊರಗಿದ್ದರೆ ಗಾಳಿ ಸೋಕುತ್ತದೆ ಎಂದು ಹೆದರಿಸುವ ಅಜ್ಜಿಯರು ಗಾಳಿಯನ್ನು ಬಿಟ್ಟು ಇಬ್ಬನಿಯನ್ನು ಬೈದಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

ಒಂದು ಲೀಟರ್ ನೀರನ್ನು ಶಾಖದಿಂದ ಆವಿ ಮಾಡಲು ಸುಮಾರು 0.7 ಯೂನಿಟ್ ವಿದ್ಯುತ್ತು ಬೇಕು. ಅದೇ ನೀರನ್ನು ಗಿರಗಿರನೆ ತಿರುಗಿಸಿ ಹೊರಗೆಸೆಯಲು ಅದರ ಸಣ್ಣ ಪಾಲು ಸಾಕು. ಕಾಲು ಮೀಟರ್ ತ್ರಿಜ್ಯದ ಡ್ರಮ್ಮು ನಿಮಿಷಕ್ಕೆ 700 ಸುತ್ತು ತಿರುಗಿದರೆ ಬಟ್ಟೆಯೊಳಗಿನ ಹನಿಯ ಮೇಲೆ ಗುರುತ್ವದ 137 ಪಟ್ಟು ಸೆಳೆತ. 1200 ಸುತ್ತಾದರೆ 400 ಪಟ್ಟು! ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿ. ಆದ್ದರಿಂದ ವಯನಾಡಿನವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಸ್ಪಿನ್ ವೇಗ ಎಷ್ಟು ಎಂದು. ಎಷ್ಟು ಪ್ರೋಗ್ರಾಂ ಎಂದಲ್ಲ.

ಅಷ್ಟು ವೇಗದಲ್ಲಿ ಬಟ್ಟೆ ಒಂದೇ ಕಡೆ ಮುದ್ದೆಯಾಗಿದ್ದರೆ? ಬರೀ ಅರ್ಧ ಕಿಲೋ ಹೆಚ್ಚುವರಿ ಭಾರ 1200 ಸುತ್ತಿನಲ್ಲಿ 200 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಮೂವರು ಗಟ್ಟಿ ಆಳುಗಳು ಡ್ರಮ್ಮಿಗೆ ಜೋತುಬಿದ್ದು ಸೆಕೆಂಡಿಗೆ 20 ಸಲ ದಿಕ್ಕು ಬದಲಿಸುತ್ತ ಜಗ್ಗಿದಂತೆ. ಹೊಸ ಫ್ರಂಟ್ ಲೋಡ್ ಮಶೀನು ಅದಕ್ಕೇ ಮೊದಲು ಮೆಲ್ಲಗೆ ಸುತ್ತಿ ಬಟ್ಟೆಯನ್ನು ಗೋಡೆಗೆ ಅಂಟಿಸುತ್ತದೆ. ಭಾರದ ಕಡೆ ಮೇಲೇರುವಾಗ ಮೋಟಾರು ಏದುಸಿರು ಬಿಡುತ್ತದೆ, ಇಳಿಯುವಾಗ ಹಗುರಾಗುತ್ತದೆ. ಆ ಏರಿಳಿತ ನೋಡಿ ಬೋರ್ಡು ತೀರ್ಮಾನಿಸುತ್ತದೆ. ಹೆಚ್ಚಿದ್ದರೆ ಬಟ್ಟೆಯನ್ನು ಬೀಳಿಸಿ, ಅತ್ತಿತ್ತ ಹೊರಳಿಸಿ, ಮತ್ತೆ ಪರೀಕ್ಷೆ. ಈ ಹೊರಳಾಟ ಎಷ್ಟು ಸಲ ನಡೆಯುತ್ತದೆಂದು ಅದಕ್ಕೂ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಒಂಬತ್ತು ಒಂಬತ್ತಾಗಿಯೇ ನಿಲ್ಲುತ್ತದೆ. ಪುಲ್ಪಳ್ಳಿಯವರು ಒಂಟಿ ಕಂಬಳಿ ಹಾಕಿದ್ದರೆಂದು ನನ್ನ ಗುಮಾನಿ. ಜೊತೆಗೆ ಎರಡು ಟವೆಲ್ ಎಸೆದು ನೋಡಲಿ. ಆದರೂ ನನ್ನ ತಕರಾರು ಉಳಿಯುತ್ತದೆ. ‘ಭಾರ ಸರಿಹೊಂದಿಸುತ್ತಿದ್ದೇನೆ’ ಎಂದು ಆ ಪರದೆ ಹೇಳಲಾರದೇ? ಬರೀ ಸ್ಪಿನ್ ಬೇಕೆಂದರೆ ಎರಡು ಗುಂಡಿಯನ್ನು ಒಟ್ಟಿಗೆ ಒತ್ತಿಹಿಡಿಯಬೇಕಾದ ಮಶೀನನ್ನೂ ಕಂಡಿದ್ದೇನೆ. ಅದನ್ನು ರೂಪಿಸಿದವರು ಒಂದು ಮಳೆಗಾಲವನ್ನಾದರೂ ವಯನಾಡಿನ ಘಟ್ಟದ ಮೇಲೆ ಕಳೆದಿರಲಾರರು.

ಟಾಪ್ ಲೋಡ್ ಮಶೀನುಗಳಲ್ಲಿ ಇದೇ ಸಮಸ್ಯೆಗೆ ಯಾವ ಚಿಪ್ಪೂ ಇಲ್ಲದ ಉತ್ತರವೊಂದು ಅಡಗಿದೆ. ನನಗೆ ಅದರ ಮೇಲೆ ವಿಪರೀತ ಮೋಹ. ಮಶೀನ್ ಆಫ್ ಮಾಡಿ, ಖಾಲಿ ಡ್ರಮ್ಮನ್ನು ಕೈಯಿಂದ ಅಲುಗಿಸಿ. ಗುಳುಗುಳು ಸದ್ದು ಕೇಳಿಸುತ್ತದೆ. ಕಲ್ಪೆಟ್ಟದ ನಮ್ಮ ಬಂಧುಗಳು ಇದನ್ನು ಕೇಳಿ, ಒಳಗೆ ಕೊಳಕು ನೀರು ಉಳಿದಿದೆ, ಪೈಪು ಕಟ್ಟಿದೆ ಎಂದು ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ದರು. ಹೀಗೆ ತಿಳಿದವರು ಊರೂರಲ್ಲಿ ಇದ್ದಾರೆ. ಆ ನೀರು ಕಾರ್ಖಾನೆಯಲ್ಲೇ ತುಂಬಿದ್ದು! ಡ್ರಮ್ಮಿನ ಬಾಯಿಯ ಸುತ್ತ ಇರುವ ದಪ್ಪ ಪ್ಲಾಸ್ಟಿಕ್ ಬಳೆ ಟೊಳ್ಳು. ಅದರೊಳಗೆ ಅರ್ಧಂಬರ್ಧ ಉಪ್ಪುನೀರು ತುಂಬಿ ಮುಚ್ಚಿರುತ್ತಾರೆ. ದಯವಿಟ್ಟು ಯಾರೂ ಅದಕ್ಕೆ ತೂತು ಕೊರೆಯಬೇಡಿ.

ಸ್ಪ್ರಿಂಗಿನ ಮೇಲೆ ತೂಗುವ ಡ್ರಮ್ಮಿಗೆ ತನ್ನದೇ ಒಂದು ಸಹಜ ತೂಗಾಟದ ವೇಗವಿರುತ್ತದೆ. ತಿರುಗಾಟ ಅದಕ್ಕಿಂತ ನಿಧಾನವಾಗಿದ್ದಾಗ ಭಾರದ ಕಡೆ ಹೊರಕ್ಕೆ ವಾಲುತ್ತದೆ. ಬಳೆಯ ನೀರೂ ಅದೇ ಕಡೆಗೆ ನುಗ್ಗಿ ಕೆಟ್ಟದ್ದನ್ನು ಇನ್ನಷ್ಟು ಕೆಡಿಸುತ್ತದೆ. ಸ್ಪಿನ್ ಆರಂಭದ ಆ ಗಡಗಡ ಸದ್ದಿನ ಹೊತ್ತು ಅದು. ವೇಗ ಆ ಗಡಿ ದಾಟಿತೋ, ಎಲ್ಲವೂ ತಿರುಗುಮುರುಗು. ಡ್ರಮ್ಮು ತನ್ನ ನಡುಬಿಂದುವಿನ ಬದಲು ಬಟ್ಟೆಯೂ ಸೇರಿದ ಭಾರಕೇಂದ್ರದ ಸುತ್ತ ತಿರುಗತೊಡಗುತ್ತದೆ. ಆಗ ಭಾರದ ಕಡೆ ಅಕ್ಷಕ್ಕೆ ಹತ್ತಿರ, ಹಗುರದ ಕಡೆ ದೂರ. ನೀರು ಯಾವಾಗಲೂ ಅಕ್ಷದಿಂದ ದೂರಕ್ಕೇ ಓಡುವುದರಿಂದ ಈಗ ಹಗುರದ ಕಡೆಗೆ ಹೋಗಿ ನಿಲ್ಲುತ್ತದೆ. ಎಷ್ಟು ಬೇಕೋ ಸುಮಾರು ಅಷ್ಟೇ, ಎಲ್ಲಿ ಬೇಕೋ ಅಲ್ಲೇ. ಅಳೆಯುವವರಿಲ್ಲ, ಆದೇಶ ಕೊಡುವವರಿಲ್ಲ. ಇಂಥ ಸ್ವಯಂ ಸಮತೋಲನಕ್ಕೆ ಫ್ರಾನ್ಸಿನ ಎಂಜಿನಿಯರ್ ಮೊರೀಸ್ ಲೆಬ್ಲಾಂಕ್ 1916ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಮುಚ್ಚಳದ ಮೇಲೆ ಅಂಗೈ ಇಟ್ಟು ಕಾಯಿರಿ. ಗಡಗಡ ನಡುಕ ಒಮ್ಮೆಲೇ ಕರಗಿ ನುಣ್ಣನೆಯ ಗುಂಯ್‌ಗುಡುವಿಕೆ ಆಗುವ ಕ್ಷಣ ಕೈಗೆ ಸಿಗುತ್ತದೆ. ನಾನಂತೂ ಕಂಡವರ ಮನೆಯಲ್ಲೂ ಇದನ್ನು ಮಾಡಿ ನಗೆಪಾಟಲಾಗಿದ್ದೇನೆ.

ಈ ಜಾಣ್ಮೆಯನ್ನೂ ಸೋಲಿಸುವ ವಸ್ತುವೊಂದು ವಯನಾಡಿನ ಮನೆಮನೆಯಲ್ಲಿದೆ: ರೇನ್‌ಕೋಟು. ನೀರು ಬಿಡದ ಬಟ್ಟೆಯನ್ನು ಎಂದೂ ಸ್ಪಿನ್‌ಗೆ ಹಾಕಬೇಡಿ. ನೀರು ಅದರ ಮಡಿಕೆಯಲ್ಲಿ ಚೀಲ ಕಟ್ಟಿಕೊಂಡು, ನಿಧಾನ ವೇಗದ ಪರೀಕ್ಷೆಯಲ್ಲಿ ಸಭ್ಯವಾಗಿ ಪಾಸಾಗಿ, ಪೂರ್ಣ ವೇಗದಲ್ಲಿ ತಟ್ಟನೆ ಜಾಗ ಬದಲಿಸುತ್ತದೆ. 2016ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸ್ಯಾಮ್ಸಂಗ್ ಸುಮಾರು 28 ಲಕ್ಷ ಟಾಪ್ ಲೋಡ್ ಮಶೀನುಗಳನ್ನು ರೀಕಾಲ್ ಮಾಡಿತು, ಸ್ಪಿನ್ ಹೊತ್ತಿನಲ್ಲಿ ಮೇಲ್ಭಾಗವೇ ಕಿತ್ತು ಬರುವ ಅಪಾಯವಿತ್ತೆಂದು. ಹಾಸಿಗೆಬಟ್ಟೆ, ನೀರುನಿರೋಧಕ ಬಟ್ಟೆಗಳನ್ನು ಕಡಿಮೆ ವೇಗದಲ್ಲೇ ತಿರುಗಿಸಿ ಎಂದು ಬಳಕೆದಾರರಿಗೆ ಸೂಚನೆ ಹೋಗಿತ್ತು.

ಫ್ರಂಟ್ ಲೋಡ್ ಮಶೀನುಗಳ ಮದ್ದು ಒರಟು. ಅಲುಗದಿರಲೆಂದು ಒಳಗೆ ಕಾಂಕ್ರೀಟ್ ದಿಮ್ಮಿ ಕಟ್ಟಿರುತ್ತಾರೆ. ಕೋಳಿಕ್ಕೋಡಿನಿಂದ ತಾಮರಶ್ಶೇರಿ ಘಟ್ಟದ 9 ಹಿಮ್ಮುರಿ ತಿರುವು ಹತ್ತಿಸಿ ತಂದ ಆ ಭಾರದಲ್ಲಿ ಒಳ್ಳೆಯ ಪಾಲು ಕಾಂಕ್ರೀಟಿನದೇ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಬೇರಿಂಗಿನ ಬಗ್ಗೆ. ಸ್ಪಿನ್ನಿನ ಭಾರವೆಲ್ಲ ಹೊರುವ, ಸೀಲು ಸವೆದು ನೀರು ಒಸರಿದರೆ ಮೊದಲು ತುಕ್ಕು ಹಿಡಿಯುವ ಭಾಗ ಅದು. ಹಿಂದೆ ಹೊರತೊಟ್ಟಿಯ ಬೋಲ್ಟು ಬಿಚ್ಚಿ ಊರಿನ ಮೆಕ್ಯಾನಿಕ್ಕೇ ಬದಲಿಸುತ್ತಿದ್ದ. ಈಗ ಹಲವು ಮಾದರಿಗಳಲ್ಲಿ ತೊಟ್ಟಿಯ ಎರಡು ಹೋಳನ್ನು ಕಾಯಿಸಿ ಬೆಸೆದುಬಿಡುತ್ತಾರೆ. ಚಿಕ್ಕ ಬೇರಿಂಗು ಹೋದರೂ ಇಡೀ ತೊಟ್ಟಿ ತರಿಸಬೇಕು. ಮೈಸೂರಿನಿಂದ ತರಿಸೋಣವೆಂದರೆ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಇಂಥ ಗೋಳಿಗೆಂದು ನಮ್ಮ ದೇಶದಲ್ಲಿ ‘ರಿಪೇರಿ ಹಕ್ಕಿನ’ ಪೋರ್ಟಲ್ 2022ರ ಡಿಸೆಂಬರಿನಲ್ಲಿ ಬಂದಿದೆ. ಯುರೋಪಿನ ಒಕ್ಕೂಟದಲ್ಲಿ ಅದಕ್ಕಿಂತ ಬಿಗಿಯಾದ ನಿಯಮ 2021ರ ಮಾರ್ಚಿನಿಂದಲೇ ಜಾರಿಯಲ್ಲಿದೆ: ಮಾದರಿಯ ಕೊನೆಯ ಮಶೀನು ಮಾರುಕಟ್ಟೆಗೆ ಬಂದ ಮೇಲೂ 10 ವರ್ಷ ಬಿಡಿಭಾಗ ಸಿಗಬೇಕು, ಕೇಳಿದ 15 ಕೆಲಸದ ದಿನಗಳೊಳಗೆ ತಲುಪಬೇಕು. ಪಟ್ಟಿಯಲ್ಲಿ ಡ್ರಮ್ಮೂ ಇದೆ, ಬೇರಿಂಗೂ ಇದೆ. ಆದರೆ ಅವನ್ನು ‘ಬಿಡಿಯಾಗಿ ಅಥವಾ ಒಟ್ಟಾಗಿ’ ಕೊಡಬಹುದೆಂದು ಬರೆದು, ಬೆಸೆದ ತೊಟ್ಟಿಯವರು ನುಸುಳಿಕೊಳ್ಳಲು ಅಲ್ಲೂ ಒಂದು ಕಿಂಡಿ ಬಿಟ್ಟಿದ್ದಾರೆ.