ಕತ್ತು ನೋವು: ಸಾಮಾನ್ಯವಾದುದಾವುದು, ಅಪಾಯದ್ದಾವುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಬಂದಿತೆಂದರೆ "ಕುತ್ತಿಗೆ ಹಿಡಿದಿದೆ" ಎನ್ನುತ್ತ ಆಸ್ಪತ್ರೆಗೆ ಬರುವವರು ಹೆಚ್ಚು. ದಿನವಿಡೀ ಬಾಗಿ ಜೋಳ ಕಿತ್ತು, ಕಣಿಕೆಯ ಹೊರೆಯನ್ನೋ ನೀರಿನ ಕೊಡವನ್ನೋ ತಲೆಯ ಮೇಲೆ ಹೊತ್ತಾಗ ಕತ್ತಿನ ಸ್ನಾಯುಗಳು ಬಿಗಿಯುತ್ತವೆ. ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಲು ಕಷ್ಟವಾಗುತ್ತದೆ, ಜ್ವರವಿರುವುದಿಲ್ಲ. ಬಿಸಿ ಶಾಖ, ಹೊರೆಯಿಂದ ಬಿಡುವು, ಕತ್ತನ್ನು ಮೆಲ್ಲಗೆ ಆಡಿಸುವುದು, ಇಷ್ಟರಿಂದಲೇ ಇಂತಹ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕತ್ತನ್ನು ಥಟ್ಟನೆ ತಿರುಚಿ ಲಟಕ್ಕೆನಿಸುವ ಪದ್ಧತಿ ಮಾತ್ರ ಬೇಡ. ಅದರಿಂದ ಹಿತವೆನಿಸಿದರೂ ನರಕ್ಕೆ, ರಕ್ತನಾಳಕ್ಕೆ ಪೆಟ್ಟು ಬೀಳುವ ಸಂಭವವುಂಟು.

ಎಲ್ಲ ಬಿಗಿತವೂ ಹೀಗೆಯೇ ಎಂದು ತಿಳಿಯಬಾರದು. ಜ್ವರ, ತೀವ್ರ ತಲೆನೋವು, ವಾಂತಿಗಳೊಡನೆ ಕತ್ತು ಬಿಗಿದಿದ್ದರೆ ಮಿದುಳಿನ ಪೊರೆಯ ಉರಿಯೂತವನ್ನು ಶಂಕಿಸಬೇಕು. ಇದರಲ್ಲಿ ಪಕ್ಕಕ್ಕೆ ತಿರುಗಿಸುವುದಕ್ಕಿಂತ ಗದ್ದವನ್ನು ಎದೆಗೆ ತಾಗಿಸುವುದೇ ಹೆಚ್ಚು ಕಷ್ಟ. ಹಸುಗೂಸುಗಳಲ್ಲಿ ಈ ಬಿಗಿತವು ಕಾಣದೆಯೂ ಇರಬಹುದು. ಮಗು ಮೊಲೆಯುಣ್ಣದಿರುವುದು, ಮಂಕಾಗಿರುವುದು, ನೆತ್ತಿ ಉಬ್ಬಿರುವುದು, ಇವುಗಳಲ್ಲಿ ಯಾವುದು ಕಂಡರೂ ತಾಯಂದಿರು ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತರತಕ್ಕದ್ದು. ಬಾಯಿ ತೆರೆಯಲಾಗದೆ ದವಡೆ ಕಚ್ಚಿಕೊಂಡು ಕತ್ತು ಸೆಟೆದರೆ ಅದು ಧನುರ್ವಾಯು ಇರಬಹುದು. ಮುಳ್ಳು ಚುಚ್ಚಿದ ಗಾಯವು ಆಗಲೇ ಮಾಯ್ದಿರಬಹುದು.

ನೋವು ಭುಜದಿಂದ ಬೆರಳಿನವರೆಗೆ ಇಳಿದು ಜುಮುಗುಟ್ಟಿದರೆ ಕತ್ತಿನಲ್ಲಿ ನರವು ಒತ್ತಲ್ಪಟ್ಟಿದೆಯೆಂದು ಊಹಿಸಬಹುದು. ಇವರಲ್ಲಿ ಬಹುಮಂದಿ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತಾರೆ. ಆದರೆ ರೊಟ್ಟಿ ಬಡಿಯುವಾಗ, ಅಂಗಿಯ ಗುಂಡಿ ಹಾಕುವಾಗ ಕೈ ಹಿಡಿತ ತಪ್ಪುವುದು, ನಡಿಗೆ ತೂರಾಡುವುದು, ಮೂತ್ರದ ಮೇಲೆ ಹತೋಟಿ ಹೋಗುವುದು, ಇವು ಬೆನ್ನುಹುರಿಯೇ ಒತ್ತಲ್ಪಟ್ಟಿರುವುದರ ಸೂಚನೆಗಳು. ಇಂತಹವರು ಎಣ್ಣೆ ತಿಕ್ಕಿಸಿಕೊಳ್ಳುತ್ತ ತಿಂಗಳು ಕಳೆದ ಮೇಲೆ ಬರುವುದೇ ನಮಗೆ ಬೇಸರದ ಸಂಗತಿ, ಏಕೆಂದರೆ ಕಳೆದುಹೋದ ಶಕ್ತಿ ಪೂರ್ತಿಯಾಗಿ ಮರಳದಿರಬಹುದು.

ರಾತ್ರಿಯೂ ಬಿಡದ ನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಇವು ವಾರಗಟ್ಟಲೆ ಇದ್ದರೆ ಕತ್ತಿನ ಮೂಳೆಯ ಕ್ಷಯವಿದೆಯೇ ಎಂದು ಪರೀಕ್ಷಿಸಬೇಕು. ಕ್ಷಯದ ಔಷಧಿಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ದುಡಿಯುವಾಗ ಎದೆ ಬಿಗಿದು ಕತ್ತು, ದವಡೆಗಳಿಗೆ ಹರಡುವ ನೋವು ಹೃದಯದ್ದಾಗಿರಬಹುದು.

ಮರದಿಂದಾಗಲಿ ಚಕ್ಕಡಿಯಿಂದಾಗಲಿ ಬಿದ್ದು ಕತ್ತು ನೋಯುವವನನ್ನು ಎಬ್ಬಿಸಿ ಕೂರಿಸಬೇಡಿರಿ. ಮಲಗಿದಲ್ಲಿಯೇ ತಲೆ ಅಲುಗದಂತೆ ಎರಡೂ ಕೈಗಳಿಂದ ಹಿಡಿದು, 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಹಾಗೆಯೇ ಇರಿಸಿರಿ.